ಮಲೆನಾಡನ್ನು ಬೈಯುವವರ ಸಂಘ: ಅಳತೆ ಸಮೇತ ಬೈಯಿರಿ

ಹಾಳೆಟೊಪ್ಪಿ (ತೀರ್ಥಹಳ್ಳಿ)

ಮೇ ಮುಗಿಯುತ್ತಾ ಬಂತು. ಇನ್ನು ಹದಿನೈದು ದಿನ ಕಳೆದರೆ ಫೋನ್ ತೆರೆದಲ್ಲೆಲ್ಲ ಮಂಜು, ಜಲಪಾತ, ಹಂಚಿನ ಮನೆ, ಹಿಂದೊಂದು ಕೊಳಲು. ಕೆಳಗೆ "ಸ್ವರ್ಗ ಅಂದ್ರೆ ಇದೇ" ಅನ್ನುವ ಕಮೆಂಟುಗಳ ಸಾಲು. ಆ ಹಂಚಿನ ಮನೆಯೊಳಗೆ ಎಷ್ಟು ಕಡೆ ಸೋರುತ್ತಿದೆ, ಎಷ್ಟು ಬೋಗುಣಿ ಇಟ್ಟಿದ್ದಾರೆ ಅಂತ ಮಾತ್ರ ಒಬ್ಬರೂ ಕೇಳಲ್ಲ.

ಅದಕ್ಕೇ ಈ ಚರ್ಚೆಯ ಎಳೆ. ನಿಯಮ ಎರಡೇ. ಒಂದು, ಬೈಗುಳಕ್ಕೆ ಅಳತೆ ಇರಬೇಕು. "ಮಳೆ ಜೋರು ಮಾರಾಯ್ರೆ" ಅಂದರೆ ನಡೆಯಲ್ಲ. ಏನು ಕೆಡುತ್ತದೆ, ಯಾಕೆ ಕೆಡುತ್ತದೆ, ಅದಕ್ಕೆ ಊರಲ್ಲಿ ಏನು ಮಾಡುತ್ತಾರೆ ಅಂತ ಬರೆಯಬೇಕು. ಎರಡು, ಅವರವರ ಅಜ್ಜನ ಮನೆ ನೆನಪು ಬೇಡ. ಅದು ಎಲ್ಲರ ಹತ್ತಿರವೂ ಇದೆ, ಎಲ್ಲದರಲ್ಲೂ ಒಂದೇ ಹಲಸಿನ ಮರ.

ಶುರು ನಾನೇ ಮಾಡುತ್ತೇನೆ. ಪೇಟೆಯವರಿಗೆ ಮಳೆಗಾಲ ಅಂದರೆ ಒಂದು. ಇಲ್ಲಿ ಹದಿಮೂರು ಹದಿನಾಲ್ಕು ದಿನಕ್ಕೊಂದು ಮಳೆ, ಒಂದೊಂದಕ್ಕೂ ಹೆಸರು. ರೋಹಿಣಿ ಮೇ 25ರ ಹೊತ್ತಿಗೆ, ಮೃಗಶಿರ ಜೂನ್ 7-8ಕ್ಕೆ, ಆರಿದ್ರಾ ಜೂನ್ 21-22ಕ್ಕೆ, ಪುನರ್ವಸು ಜುಲೈ 5-6ಕ್ಕೆ, ಪುಷ್ಯ ಜುಲೈ 19-20ಕ್ಕೆ, ಆಮೇಲೆ ಆಶ್ಲೇಷ, ಮಖೆ. "ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ" ಅನ್ನುವ ಗಾದೆ ಇದೆಯಲ್ಲ, ಆದರೂ ದರಿದ್ರವೇ ಅಂತ ತೋಟ ಇದ್ದವರಿಗೆ ಗೊತ್ತು. ಪುನರ್ವಸು, ಪುಷ್ಯದ ಆ ಒಂದು ತಿಂಗಳು ಹೊಳವು (ಮಳೆ ಬಿಟ್ಟ ಹೊತ್ತು) ಅನ್ನುವುದೇ ಅಪರೂಪ. "ಜುಲೈಯಲ್ಲಿ ಒಂದು ವಾರ ಇದ್ದು ಮಳೆ ನೋಡ್ಬೇಕು" ಅಂತ ಬಂದವರು ನಾಲ್ಕನೇ ದಿನ ನೋಡುವುದು ಬಸ್ಸಿನ ಟೈಮನ್ನು.

ಬಚ್ಚಲೊಲೆ (ಶಿರಸಿ)

ಬಟ್ಟೆಯಿಂದ ಹಿಡಿಯುತ್ತೇನೆ. ಆರಿದ್ರಾದಿಂದ ಆಶ್ಲೇಷದವರೆಗೆ ಹೊರಗಿನ ತಂತಿಯ ಮೇಲೆ ಬಟ್ಟೆ ಒಣಗುವ ಪ್ರಶ್ನೆಯೇ ಇಲ್ಲ. ಕ್ರಮ ಹೀಗೆ: ಹಿಂಡಿದ್ದನ್ನು ಮೊದಲು ಜಗಲಿಯ ಗಳದ ಮೇಲೆ ಒಂದು ದಿನ ನೀರು ಬಸಿಯಲು ಬಿಡಿ. ಆಮೇಲೆ ಬಚ್ಚಲೊಲೆಯ ಮೇಲಿನ ಗಳಕ್ಕೆ. ನೇರ ಹಸಿಯನ್ನೇ ಒಲೆ ಮೇಲೆ ಹಾಕಿದರೆ ಹೊಗೆಯೆಲ್ಲ ಆ ಒದ್ದೆಗೇ ಹಿಡಿದುಕೊಳ್ಳುತ್ತದೆ, ಬಿಳಿ ಅಂಗಿ ಕಾಫಿ ಸೋಸಿದ ಬಟ್ಟೆಯ ಹಾಗೆ ಆಗುತ್ತದೆ. ಗಳದ ಎತ್ತರಕ್ಕೆ ಲೆಕ್ಕ ಬೇಡ, ಅಲ್ಲಿ ಅಂಗೈ ಹಿಡಿದರೆ ಒಂದು ನಿಮಿಷ ತಡೆಯುವಷ್ಟು ಬಿಸಿ ಇದ್ದರೆ ಸರಿ. ಜೀನ್ಸ್ ಪ್ಯಾಂಟು ನಾಲ್ಕೈದು ದಿನ ತೆಗೆದುಕೊಳ್ಳುತ್ತದೆ, ಅದೂ ಒಳಮಗ್ಗಲು ಹೊರಗೆ ಮಾಡಿ ಕಿಸೆ ಎಳೆದು ಹಾಕಿದರೆ. ಕಿಸೆ ಹಾಗೇ ಬಿಟ್ಟರೆ ಅದರೊಳಗೆ ಮೊದಲು ಬೂಸ್ಟು ಬರುತ್ತದೆ.

ಬೂಸ್ಟು ಹಿಡಿಯುವ ಸರದಿಯೂ ಇದೆ. ಮೊದಲು ಚರ್ಮದ ಬೆಲ್ಟು, ಚಪ್ಪಲಿ. ಆಮೇಲೆ ಬೆತ್ತದ ಬುಟ್ಟಿ, ಪುಸ್ತಕದ ಬೆನ್ನು, ಮದುವೆ ಫೋಟೋ. ಕ್ಯಾಮೆರಾ ಇದ್ದವರು ಲೆನ್ಸನ್ನು ಬ್ಯಾಗಿನಲ್ಲಿಟ್ಟು ಮರೆತರೆ ಗಾಜಿನ ಒಳಗೆ ಜೇಡರ ಬಲೆಯ ಹಾಗೆ ಬರುತ್ತದೆ, ಅದು ಒರೆಸಿದರೆ ಹೋಗುವುದಲ್ಲ. ಗಾಳಿ ಆಡದ ಸ್ಟೀಲ್ ಡಬ್ಬಿ, ಒಳಗೆ ಸಿಲಿಕಾ ಜೆಲ್ಲು. ಜೆಲ್ಲು ಇಲ್ಲದಿದ್ದರೆ ಬಾಣಲೆಯಲ್ಲಿ ಬಿಸಿ ಮಾಡಿ ಆರಿಸಿದ ಅಕ್ಕಿಯನ್ನು ಬಟ್ಟೆಯಲ್ಲಿ ಕಟ್ಟಿ ಇಡಿ, ವಾರಕ್ಕೊಮ್ಮೆ ಮತ್ತೆ ಹುರಿಯಿರಿ. ಬೀರುವಿನೊಳಗೆ ಸಣ್ಣ ಬಲ್ಬು ಉರಿಸಿಡುವ ಉಪಾಯವೂ ಒಳ್ಳೆಯದೇ. ಅದಕ್ಕೆ ಕರೆಂಟು ಬೇಕು ಅನ್ನುವುದೊಂದು ಸಣ್ಣ ತೊಡಕು.

ಇದೆಲ್ಲಕ್ಕೂ ಮೂಲ ಕಟ್ಟಿಗೆ. ನಾಲ್ಕು ತಿಂಗಳ ಕಟ್ಟಿಗೆ ಮೇ ಮುಗಿಯುವುದರೊಳಗೆ ಸೀಳಿ, ಒಣಗಿಸಿ, ಕೊಟ್ಟಿಗೆಯ ಅಟ್ಟ ಸೇರಿರಬೇಕು. ರೀಲಿನಲ್ಲಿ ಹಬೆಯಾಡುವ ಕೊಟ್ಟೆ ಕಡುಬು ಚಂದ ಕಾಣುತ್ತದೆ. ಹಸಿ ಕಟ್ಟಿಗೆ ಊದಿ ಊದಿ ಕಣ್ಣು ಕೆಂಪಾದ ಹೆಂಗಸರು ಚೌಕಟ್ಟಿನ ಹೊರಗಿರುತ್ತಾರೆ. ಮಲೆನಾಡಿನ ಬಗ್ಗೆ ಪ್ರೀತಿಯ ಪದ್ಯ ಬರೆದ ಗಂಡಸರಲ್ಲಿ ಮಳೆಗಾಲದ ಒಲೆ ಹಚ್ಚಿದವರು ಎಷ್ಟು ಜನ ಅಂತ ಒಂದು ಲೆಕ್ಕ ಆಗಬೇಕಿತ್ತು.

ಬಿಸಿಲುಗುದುರೆ (ಚಳ್ಳಕೆರೆ)

ಹೊರಗಿನವನಿಗೆ ಮಾತಾಡಲು ಅವಕಾಶ ಇದೆಯಾ? ನಮ್ಮಲ್ಲಿ ವರ್ಷಪೂರ್ತಿ ಬೀಳುವ ಮಳೆ 500 ಮಿಲಿಮೀಟರ್ ಮುಟ್ಟುವುದೇ ಕಷ್ಟ. ಆಗುಂಬೆಯಲ್ಲಿ ಸರಾಸರಿ 7,000 ಮೀರುತ್ತದೆ. ನಿಮ್ಮ ಜುಲೈಯ ಒಂದು ವಾರ ಅಂದರೆ ನಮ್ಮ ಒಂದು ವರ್ಷ. ಅದನ್ನು ಇಟ್ಟುಕೊಂಡು ಬೆಲ್ಟಿಗೆ ಬೂಸ್ಟು ಬಂತು ಅಂತ ಅಳುತ್ತೀರಲ್ಲ!

ಹಾಳೆಟೊಪ್ಪಿ (ತೀರ್ಥಹಳ್ಳಿ)

ಅಣ್ಣಾ, ಬನ್ನಿ. ಆಗುಂಬೆಯಲ್ಲಿ ಬಿದ್ದ 7,000 ಮಿಲಿಮೀಟರ್ ಎಲ್ಲಿ ಹೋಗುತ್ತದೆ ಗೊತ್ತಾ? ಏಪ್ರಿಲ್‌ನಲ್ಲಿ ಅದೇ ಊರುಗಳ ಬಾವಿ ಬತ್ತಿ, ಕೊಡ ಹಿಡಿದು ಹಳ್ಳಕ್ಕೆ ಇಳಿಯುವುದನ್ನೂ ನೋಡಬಹುದು. ಇಳಿಜಾರು ನೆಲ, ಮುರಕಲ್ಲು (ಜಂಬಿಟ್ಟಿಗೆ). ಬಿದ್ದ ನೀರು ನಿಲ್ಲುವುದಿಲ್ಲ, ನಮ್ಮ ಹುಡುಗರ ಹಾಗೆ ಸೀದಾ ಕೆಳಗೆ ಇಳಿದು ಹೋಗುತ್ತದೆ.

ಕಾಲುಸಂಕ (ಹೊಸನಗರ)

ಇಂಬಳದ, ಅಂದರೆ ಕಾಡಿನ ಜಿಗಣೆಯ ವಿಷಯ ಯಾರೂ ಎತ್ತಲಿಲ್ಲ. ಅಷ್ಟು ಹೆದರಿಕೆಯಾ?

ಬಚ್ಚಲೊಲೆ (ಶಿರಸಿ)

ಅದು ಉಂಬಳ.

ಕಾಲುಸಂಕ (ಹೊಸನಗರ)

ನಿಮ್ಮಲ್ಲಿ ಉಂಬಳ, ನಮ್ಮಲ್ಲಿ ಇಂಬಳ. ಕುಡಿಯುವ ರಕ್ತ ಒಂದೇ ಅಕ್ಕ.

ಪ್ರವಾಸಿಗರ ಕೈಲಿ ಉಪ್ಪಿನ ಪೊಟ್ಟಣ ಕೊಟ್ಟು ಕಳಿಸುವವರಿಗೆ ಒಂದು ಮಾತು. ಕಚ್ಚಿ ಕೂತ ಇಂಬಳಕ್ಕೆ ಉಪ್ಪು ಸುರಿದರೆ ಬೀಳುತ್ತದೆ, ನಿಜ. ಬೀಳುವ ಮೊದಲು ಹೊಟ್ಟೆಯಲ್ಲಿದ್ದದ್ದನ್ನು ಗಾಯದೊಳಗೇ ಕಕ್ಕುವ ಸಂಭವ ಇದೆ, ಆಗ ಗಾಯ ಕೀವಾಗುತ್ತದೆ. ಎಳೆದು ಕೀಳುವುದೂ ಸರಿಯಲ್ಲ. ಅದಕ್ಕೆ ಎರಡು ತುದಿಯಲ್ಲೂ ಹಿಡಿತ ಇದೆ. ಸಪೂರ ಇರುವ ತುದಿ ಬಾಯಿ. ಉಗುರನ್ನು ಚರ್ಮಕ್ಕೆ ಒತ್ತಿ, ಆ ತುದಿಯ ಅಡಿಗೆ ಪಕ್ಕದಿಂದ ಜಾರಿಸಿ, ಮೊದಲು ಬಾಯಿ ಬಿಡಿಸಿ. ತಕ್ಷಣ ದಪ್ಪ ತುದಿಯನ್ನೂ ಹಾಗೇ ಎಬ್ಬಿಸಿ ದೂರ ಎಸೆಯಿರಿ. ತಡಮಾಡಿದರೆ ಬೆರಳಿಗೇ ಅಂಟುತ್ತದೆ. ಆ ಕುಣಿತ ನೋಡಲು ಚಂದ.

ರಕ್ತ ನಿಲ್ಲದಿರುವುದಕ್ಕೆ ಕಾರಣ ಹಿರುಡಿನ್, ಹೆಪ್ಪುಗಟ್ಟದ ಹಾಗೆ ಅದು ಬಿಡುವ ರಸ. ಸೋಪು ನೀರಲ್ಲಿ ತೊಳೆದು, ಶುಭ್ರ ಬಟ್ಟೆ ಹತ್ತು ನಿಮಿಷ ಒತ್ತಿ ಹಿಡಿಯಿರಿ. ನಡುವೆ ತೆಗೆದು ತೆಗೆದು ನೋಡಿದರೆ ನಿಲ್ಲಲ್ಲ. ಆಮೇಲೆ ನಾಲ್ಕು ದಿನ ತುರಿಕೆ ಉಚಿತ.

ಉಪ್ಪಿಗೆ ಸರಿಯಾದ ಜಾಗ ಕೋಲಿನ ತುದಿ. ಒಂದು ಹಿಡಿ ಕಲ್ಲುಪ್ಪನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಕೋಲಿಗೆ ಬಿಗಿಯಿರಿ. ಹತ್ತುತ್ತಿರುವ, ಇನ್ನೂ ಕಚ್ಚದ ಇಂಬಳಕ್ಕೆ ಮುಟ್ಟಿಸಿದರೆ ಸಾಕು. ಹೊಗೆಸೊಪ್ಪು ನೆನೆಸಿದ ನೀರಿಗೆ ಸುಣ್ಣ ಕಲಸಿ ಕಾಲಿಗೆ ಹಚ್ಚುವುದೂ ಇದೆ. ಜಡಿಮಳೆಯಲ್ಲಿ ಅರ್ಧ ಗಂಟೆಗೆ ತೊಳೆದು ಹೋಗುತ್ತದೆ. ಉಲ್ಲನ್ ಸಾಕ್ಸು ದಂಡ, ಹೆಣಿಗೆಯ ಸಂದಿಯಲ್ಲೇ ನುಗ್ಗುತ್ತದೆ. ಒತ್ತು ನೇಯ್ಗೆಯ ಹತ್ತಿ ಬಟ್ಟೆಯ ಚೀಲ ಹೊಲಿಸಿ, ಪ್ಯಾಂಟಿನ ಮೇಲೆ ಮಂಡಿವರೆಗೆ ಎಳೆದು ಲಾಡಿ ಕಟ್ಟಿ. ಗಂಬೂಟು ಹಾಕಿದವರು ಮನೆಗೆ ಬಂದು ಬೂಟು ಬೋರಲು ಹಾಕಿ. ಮೇಲಿಂದ ಇಳಿದದ್ದು ಒಳಗೇ ಹಬ್ಬ ಮಾಡಿರುತ್ತದೆ.

ಬಿಸಿಲುಗುದುರೆ (ಚಳ್ಳಕೆರೆ)

ಹಾಗಾದರೆ ಮಳೆ ಬಿಟ್ಟು ಬೇಸಿಗೆಯಲ್ಲಿ ಬಂದರೆ ಈ ಕಾಟ ಇಲ್ಲ ತಾನೇ?

ಕಾಲುಸಂಕ (ಹೊಸನಗರ)

ಬೇಸಿಗೆಯಲ್ಲಿ ಉಣುಗು, ಅಂದರೆ ಉಣ್ಣೆ ಹುಳ. ಮಂಗನ ಕಾಯಿಲೆ ಹರಡುವುದು ಅದರಿಂದಲೇ. ಇದನ್ನು ತಮಾಷೆ ಮಾಡುವ ಹಾಗಿಲ್ಲ. ಮಂಗನ ಕಾಯಿಲೆ ಮೊದಲು ಗುರುತಿಗೆ ಬಂದದ್ದೇ 1957ರಲ್ಲಿ, ಸೊರಬದ ಕ್ಯಾಸನೂರು ಕಾಡಿನಲ್ಲಿ. ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲಿ ನಮ್ಮ ಸೀಮೆಯ ಒಂದು ಊರಿನ ಹೆಸರು ಇರುವುದು ಹೀಗೆ. ಡಿಸೆಂಬರ್‌ನಿಂದ ಮೇವರೆಗೆ ಜೋರು. ಸೊಪ್ಪಿಗೆ, ದರಗಿಗೆ (ಒಣಗಿದ ಎಲೆಗೆ) ಕಾಡಿಗೆ ಹೋಗುವವರು, ಉಣುಗು ಹತ್ತದ ಹಾಗೆ ಆರೋಗ್ಯ ಕೇಂದ್ರದಲ್ಲಿ ಕೊಡುವ ಡೆಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಂಡು ಹೋಗಬೇಕು. ಬಂದ ಮೇಲೆ ಬಟ್ಟೆ ಬಿಸಿನೀರಿಗೆ, ಮೈಗೆ ಸೋಪಿನ ಸ್ನಾನ. ಕಂಕುಳು, ಸೊಂಟದ ಪಟ್ಟಿಯ ಜಾಗ ನೋಡಿಕೊಳ್ಳಿ. ಮಂಗ ಸತ್ತು ಬಿದ್ದಿದ್ದು ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಿ. ಸತ್ತ ಮಂಗನ ಮೈಯಿಂದ ಉಣುಗು ಇಳಿದು ಸುತ್ತ ಹರಡುತ್ತದೆ.

ಮೆಟ್ಟುಗತ್ತಿ (ಸಾಗರ)

ಬಟ್ಟೆ, ಇಂಬಳ ಎಲ್ಲ ಮೈಮೇಲಿನ ಕಷ್ಟ. ನಿಜವಾದ ಬೈಗುಳ ಇರುವುದು ತೋಟದಲ್ಲಿ. ಅಡಿಕೆ ದರ ಏರಿದೆ ಅಂತ ಪೇಪರಿನಲ್ಲಿ ಬಂದ ದಿನ ಪೇಟೆಯ ನೆಂಟರೆಲ್ಲ ಫೋನ್ ಮಾಡುತ್ತಾರೆ. ಕೊಳೆ (ಅಡಿಕೆ ಕಾಯಿ ಕೊಳೆತು ಉದುರುವ ರೋಗ) ಬಂದ ದಿನ ಒಬ್ಬರೂ ಮಾಡಲ್ಲ.

ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯಬೇಕು ಅಂತ ನಮ್ಮ ಕಡೆ ಹೇಳಿಕೊಟ್ಟವರು ಲೆಸ್ಲಿ ಕೋಲ್ಮನ್. ಕೆನಡಾದವರು, 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು ಕೊಳೆಯ ಮೇಲೆ ಕೆಲಸ ಮಾಡಿದರು. ಅದಕ್ಕೆ ಮುಂಚೆ ಅಡಿಕೆಯ ಒಂದೊಂದು ಕೊನೆಗೂ (ಗೊನೆಗೂ) ಮಳೆ ತಾಗದ ಹಾಗೆ ಕೊಟ್ಟೆ ಕಟ್ಟುತ್ತಿದ್ದರು. ನೂರು ವರ್ಷ ದಾಟಿತು, ಔಷಧಿ ಅದೇ, ಮಾಡುವ ತಪ್ಪುಗಳೂ ಅವೇ. ಹಾಗಾಗಿ ಪೂರ್ತಿ ಬರೆದುಬಿಡುತ್ತೇನೆ.

ಶೇಕಡಾ ಒಂದರ ದ್ರಾವಣ: 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ, 100 ಲೀಟರ್ ನೀರು. 200 ಲೀಟರಿನ ಡ್ರಮ್ಮಿಗೆ ಎರಡೆರಡು ಕೆಜಿ. ತುತ್ತವನ್ನು ಹಿಂದಿನ ರಾತ್ರಿಯೇ ಗೋಣಿ ಬಟ್ಟೆಯಲ್ಲಿ ಕಟ್ಟಿ, ಅರ್ಧ ನೀರು ತುಂಬಿದ ಪ್ಲಾಸ್ಟಿಕ್ ಡ್ರಮ್ಮಿನ ಬಾಯಿಗೆ ಅಡ್ಡಕೋಲಿಟ್ಟು, ಗಂಟು ನೀರಿನ ಮೇಲ್ಭಾಗಕ್ಕೆ ತಾಗುವ ಹಾಗೆ ಇಳಿಬಿಡಿ. ಕರಗಿದ ತುತ್ತದ ನೀರು ಭಾರ, ಕೆಳಗೆ ಇಳಿಯುತ್ತದೆ, ಹೊಸ ನೀರು ಗಂಟಿಗೆ ಬರುತ್ತದೆ. ತಳಕ್ಕೆ ಸುರಿದುಬಿಟ್ಟರೆ ಬೆಳಗಾದರೂ ಅರ್ಧ ಹರಳು ಹಾಗೇ ಕೂತಿರುತ್ತದೆ. ಕಬ್ಬಿಣದ, ತಗಡಿನ ಪಾತ್ರೆ ಯಾವುದೂ ಬೇಡ, ತುತ್ತ ಅದನ್ನು ತಿನ್ನುತ್ತದೆ, ತಾಮ್ರ ಅಲ್ಲೇ ಅಂಟಿ ಔಷಧಿಯ ಸತ್ವ ಹೋಗುತ್ತದೆ.

ಸುಣ್ಣ ಅಂದರೆ ಸುಟ್ಟ ಕಲ್ಲುಸುಣ್ಣ, ಗಟ್ಟಿ ಇರಬೇಕು. ಗಾಳಿಗೆ ಪುಡಿಯಾದದ್ದು ಅರ್ಧ ಸತ್ತಿರುತ್ತದೆ. ಸ್ವಲ್ಪ ಸ್ವಲ್ಪ ನೀರು ಚಿಮುಕಿಸಿ ಅರಳಿಸಿ, ಪೂರ್ತಿ ತಣಿದ ಮೇಲೆ ಉಳಿದರ್ಧ ನೀರಿಗೆ ಕಲಸಿ, ಬಟ್ಟೆಯಲ್ಲಿ ಸೋಸಿ. ಸೋಸದಿದ್ದರೆ ಮರದ ತುದಿಯಲ್ಲಿ ನಾಜಲ್ ಕಟ್ಟಿಕೊಳ್ಳುತ್ತದೆ, ಮೇಲಿದ್ದವರ ಬಾಯಲ್ಲಿ ಬರುವ ಮಾತು ಇಲ್ಲಿ ಬರೆಯುವಂಥದ್ದಲ್ಲ. ಆಮೇಲೆ ತುತ್ತದ ನೀರನ್ನು ಸುಣ್ಣದ ನೀರಿಗೆ ಸಣ್ಣ ಧಾರೆಯಲ್ಲಿ ಹೊಯ್ಯುತ್ತಾ ಕೋಲಿನಿಂದ ಕದಡುತ್ತಾ ಇರಿ. ಆಕಾಶನೀಲಿ ಬಣ್ಣದ, ಮಜ್ಜಿಗೆಯ ಹಾಗೆ ನಯವಾದ ದ್ರಾವಣ ಬರುತ್ತದೆ. ಅದನ್ನು ಅವತ್ತೇ ಮುಗಿಸಬೇಕು.

ಮೊದಲ ಹೊಡೆತ ಮಳೆ ಹಿಡಿಯುವ ಮೊದಲು, ಎರಡನೆಯದು ನಲವತ್ತು ನಲವತ್ತೈದು ದಿನಕ್ಕೆ. ಲೆಕ್ಕ ಹಾಕಿ ನೋಡಿ: ಎರಡನೆಯದು ಪುನರ್ವಸು, ಪುಷ್ಯದ ಮಧ್ಯಕ್ಕೇ ಬಂದು ಬೀಳುತ್ತದೆ. ಕೊನೆ ಒಣಗಿರಬೇಕು, ಹೊಡೆದ ಮೇಲೆ ಒಂದಿಷ್ಟು ಗಂಟೆ ಹೊಳವು ಬೇಕು. ಹೊಳವು ಸಿಕ್ಕ ದಿನ ಮರ ಹತ್ತಿ ಹೊಡೆಯುವ ಕೊನೆಗೌಡ ಸಿಕ್ಕಲ್ಲ, ಕೊನೆಗೌಡ ಸಿಕ್ಕ ದಿನ ಹೊಳವು ಸಿಕ್ಕಲ್ಲ. ಎರಡೂ ಸಿಕ್ಕ ದಿನ ಊರಲ್ಲಿ ಯಾರದ್ದಾದರೂ ಮದುವೆ ಇರುತ್ತದೆ.

ಘಟ್ಟದ ಕೆಳಗಿನವ (ಕಾರ್ಕಳ)

ನಮ್ಮಲ್ಲಿ ಕೆಲವರು ಸುಣ್ಣದ ನೀರನ್ನೇ ತುತ್ತಕ್ಕೆ ಹೊಯ್ಯುವುದುಂಟು. ಎರಡೂ ಸೇರುವುದು ಒಂದೇ ಡ್ರಮ್ಮಿಗೆ ಅಲ್ವಾ, ಎಂತ ವ್ಯತ್ಯಾಸ?

ಮೆಟ್ಟುಗತ್ತಿ (ಸಾಗರ)

ವ್ಯತ್ಯಾಸ ಉಂಟು ಮಾರಾಯ್ರೆ. ಹಾಗೆ ಹೊಯ್ದರೆ ಕಣ ದಪ್ಪವಾಗಿ ಬೇಗ ತಳಕ್ಕೆ ಕೂರುತ್ತದೆ. ಮೊದಲ ಹತ್ತು ಮರಕ್ಕೆ ಬರೀ ನೀರು, ಕೊನೆಯ ಹತ್ತು ಮರಕ್ಕೆ ಗಸಿ. ಕಾಯಿಗೆ ಅಂಟುವುದೂ ಕಡಿಮೆ. ಪುರುಸೊತ್ತಿದ್ದವರು ಎರಡನ್ನೂ ಒಟ್ಟಿಗೆ ಮೂರನೇ ಡ್ರಮ್ಮಿಗೆ ಸಮಸಮ ಹೊಯ್ಯುತ್ತಾರೆ, ಅದೂ ಒಳ್ಳೆಯದೇ.

ಘಟ್ಟದ ಕೆಳಗಿನವ (ಕಾರ್ಕಳ)

ಸರಿ. ಇನ್ನೊಂದು. ಚಾಕು ಅದ್ದಿ ಪರೀಕ್ಷೆ ಮಾಡಿ ಅಂತ ಎಲ್ಲರೂ ಹೇಳುವುದು. ಅದ್ದಿದರೆ ಕೆಂಪಾಗುವುದೇ ಇಲ್ಲ, ದ್ರಾವಣ ಸರಿ ಇದೆ ಅಂತ ಹೊಡೆದರೆ ಎಳೆ ಕಾಯಿ ಸುಟ್ಟ ಹಾಗೆ ಕಲೆ ಬೀಳುತ್ತದೆ.

ಮೆಟ್ಟುಗತ್ತಿ (ಸಾಗರ)

ಚಾಕು ಅಡುಗೆಮನೆಯ ಸ್ಟೀಲಿನದ್ದಾ? ಅದಕ್ಕೆ ತಾಮ್ರ ಸುಲಭಕ್ಕೆ ಹಿಡಿಯಲ್ಲ, ದ್ರಾವಣ ಕೆಟ್ಟಿದ್ದರೂ ಬೆಳ್ಳಗೇ ಬರುತ್ತದೆ. ಹಳೆ ಕಬ್ಬಿಣದ ಕತ್ತಿ ಅಥವಾ ಮೊಳೆ ತೆಗೆದುಕೊಂಡು, ತುಕ್ಕು ಹೋಗಿ ಹೊಳೆಯುವವರೆಗೆ ಉಜ್ಜಿ, ಒಂದೆರಡು ನಿಮಿಷ ಅದ್ದಿ. ಕೆಂಪು ಪದರ ಕಂಡರೆ ತಾಮ್ರ ಸುಣ್ಣಕ್ಕೆ ಸೇರದೆ ಬಿಡಿಯಾಗಿ ಉಳಿದಿದೆ ಅಂತ ಅರ್ಥ, ಕಾಯಿ ಸುಡುವುದು ಅದೇ. ಸುಣ್ಣದ ತಿಳಿ ಸ್ವಲ್ಪ ಸ್ವಲ್ಪ ಸೇರಿಸುತ್ತಾ ಮತ್ತೆ ಮತ್ತೆ ಅದ್ದಿ ನೋಡಿ. ಹೆಚ್ಚಿನ ಸಲ ತಪ್ಪು ಸುಣ್ಣದ್ದೇ ಇರುತ್ತದೆ, ಅಂಗಡಿಯ ಮೂಲೆಯಲ್ಲಿ ಹೋದ ವರ್ಷದಿಂದ ಕೂತದ್ದು. ಮತ್ತೆ ಉದುರಿದ ಕೊಳೆಕಾಯಿಯನ್ನು ಬುಡದಲ್ಲೇ ಬಿಟ್ಟು ಮೇಲೆ ಎಷ್ಟು ಹೊಡೆದರೂ ಪ್ರಯೋಜನ ಇಲ್ಲ. ಹೆಕ್ಕಿ ತೋಟದಿಂದ ಹೊರಗೆ ಹಾಕಬೇಕು.

ಹಾಳೆಟೊಪ್ಪಿ (ತೀರ್ಥಹಳ್ಳಿ)

ಈಗ ಕಾರ್ಬನ್ ಫೈಬರ್ ದೋಟಿ (ಉದ್ದ ಕೋಲು) ಬಂದ ಮೇಲೆ ನೆಲದ ಮೇಲೆ ನಿಂತೇ ಹೊಡೆಯುತ್ತಾರಲ್ಲ. ಅದಕ್ಕೂ ಒಂದು ಬೈಗುಳ ಬರಲಿ.

ಮೆಟ್ಟುಗತ್ತಿ (ಸಾಗರ)

ಬೈಯುವಂಥದ್ದಲ್ಲ ಅದು, ಕುತ್ತಿಗೆ ಒಂದು ಬಿಟ್ಟರೆ. ಅರವತ್ತು ಅಡಿ ಮೇಲಿನ ಕೊನೆಗೆ ಗುರಿಯಿಟ್ಟು ದಿನವಿಡೀ ಆಕಾಶ ನೋಡಿದವರು ಸಂಜೆ ಊಟಕ್ಕೆ ಕೂತಾಗಲೂ ಅಟ್ಟ ನೋಡುತ್ತಲೇ ಉಣ್ಣುತ್ತಾರೆ. ಒಂದು ಎಚ್ಚರ: ಕಾರ್ಬನ್ ಫೈಬರ್ ವಿದ್ಯುತ್ ಹಾಯಿಸುತ್ತದೆ. ತೋಟದ ಮೇಲೆ ಲೈನು ಹಾದುಹೋಗಿದ್ದರೆ ಆ ಸಾಲಿನ ಮರಗಳನ್ನು ಬಿಟ್ಟುಬಿಡಿ. ಲೈನಿನಲ್ಲಿ ಕರೆಂಟು ಇಲ್ಲ ಅನ್ನುವ ನಂಬಿಕೆಯಲ್ಲಿ ದೋಟಿ ಎತ್ತಬೇಡಿ. ನಮ್ಮ ಕಡೆ ಅದು ಬೇಡದ ಹೊತ್ತಿಗೇ ಬರುತ್ತದೆ.

ಲಾಂಚ್ ಟಿಕೆಟ್ (ತುಮರಿ)

ಕರೆಂಟಿನ ಮಾತು ಬಂತಲ್ಲ, ನಮ್ಮ ಸರದಿ.

1964ರಲ್ಲಿ ಲಿಂಗನಮಕ್ಕಿ ಕಟ್ಟಿದರು. ಶರಾವತಿ ತುಂಬಿ ಹಿಂದೆ ಸರಿದು ಊರು, ತೋಟ, ದೇವಸ್ಥಾನ ಎಲ್ಲ ಒಳಗೆ ಹೋಯಿತು. ಅದಕ್ಕೂ ಮುಂಚೆ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೆಯೇ ಮುಳುಗಿತು. ಅಣೆಕಟ್ಟೆಯನ್ನು ಅಣೆಕಟ್ಟೆಯಲ್ಲಿ ಮುಳುಗಿಸಿದ ಸೀಮೆ ನಮ್ಮದು. ರಾಜ್ಯಕ್ಕೆಲ್ಲ ಬೆಳಕು ಹೋಯಿತು, ಹಿನ್ನೀರಿನಾಚೆ ಉಳಿದವರು ಚಿಮಣಿ ಬುಡ್ಡಿಯಲ್ಲಿ ದಶಕಗಟ್ಟಲೆ ಕಳೆದರು. ಹೊಳೆ ದಾಟಲು ಲಾಂಚು. ಬಸ್ಸು, ಕಾರು, ದನ, ಮದುಮಗ, ಹೆರಿಗೆ ನೋವಿನ ಹೆಂಗಸು, ಎಲ್ಲ ಒಂದೇ ಹಲಗೆಯ ಮೇಲೆ. ಕೊನೆಯ ಲಾಂಚು ತಪ್ಪಿದರೆ ರಾತ್ರಿ ಈಚೆ ದಡದಲ್ಲಿ. ನೀರು ತೀರಾ ಇಳಿದ ಬೇಸಿಗೆಗಳಲ್ಲಿ ವಾಹನ ಹತ್ತಿಸುವುದನ್ನೇ ನಿಲ್ಲಿಸುತ್ತಿದ್ದರು.

2025ರ ಜುಲೈಯಲ್ಲಿ ಅಂಬಾರಗೊಡ್ಲು–ಕಳಸವಳ್ಳಿ ಸೇತುವೆ ಆಯಿತು, ಎರಡು ಕಾಲು ಕಿಲೋಮೀಟರಿಗೂ ಉದ್ದ. ಅರುವತ್ತೊಂದು ವರ್ಷ. ಈಗ ಐದು ನಿಮಿಷದಲ್ಲಿ ದಾಟಬಹುದು. ಇದರಲ್ಲಿ ಬೈಯುವುದು ಏನಿದೆ ಅಂದರೆ, ಲಾಂಚಿನ ಮೇಲೆ ಸೆಲ್ಫಿ ತೆಗೆದುಕೊಂಡು ಹೋಗುತ್ತಿದ್ದವರು "ಅಯ್ಯೋ, ಲಾಂಚಿನ ಮಜಾ ಹೋಯ್ತು" ಅನ್ನುತ್ತಾರೆ. ವರ್ಷಕ್ಕೊಮ್ಮೆ ದಾಟುವವರಿಗೆ ಅದು ಮಜಾ. ವಿಚಿತ್ರ ಅಂದರೆ ಊರವರಲ್ಲೂ ಕೆಲವರಿಗೆ ಹಾಗೇ ಅನ್ನಿಸುತ್ತದೆ. ಹೊರಗೆ ಹೇಳಲ್ಲ ಅಷ್ಟೆ.

ಬಿಸಿಲುಗುದುರೆ (ಚಳ್ಳಕೆರೆ)

ಇದಕ್ಕೆ ನನ್ನ ಹತ್ತಿರ ತಮಾಷೆ ಇಲ್ಲ.

ಹಾಳೆಟೊಪ್ಪಿ (ತೀರ್ಥಹಳ್ಳಿ)

ಮನೆಯಿಂದಲೇ ಕಂಪ್ಯೂಟರ್ ಕೆಲಸ ಮಾಡುತ್ತೇವೆ ಅಂತ ಊರಿಗೆ ಬರುವ ಹುಡುಗರು ಇನ್ವರ್ಟರ್ ಕೇಳುತ್ತಾರೆ. ಲೆಕ್ಕ ಹೀಗಿದೆ. 12 ವೋಲ್ಟಿನ 150 ಆಂಪಿಯರ್-ಅವರ್ ಬ್ಯಾಟರಿ ಅಂದರೆ ಕಾಗದದ ಮೇಲೆ 1,800 ವ್ಯಾಟ್-ಅವರ್, ಕೈಗೆ ಸಿಗುವುದು ಸುಮಾರು 1,000. ಲ್ಯಾಪ್‌ಟಾಪ್ 50 ವ್ಯಾಟ್, ರೂಟರ್ 10, ಎರಡು ಬಲ್ಬು 18. ಹನ್ನೆರಡು ಗಂಟೆ ಬಂದರೆ ಪುಣ್ಯ. ಮರ ಬಿದ್ದು ಲೈನು ಹೋದರೆ ಮೂರು ದಿನ ಕರೆಂಟಿಲ್ಲ. ಉಳಿದ ಎರಡೂವರೆ ದಿನಕ್ಕೆ ಏನು ಮಾಡುವುದು? ಪುಷ್ಯದ ಮಳೆಯಲ್ಲಿ ಸೋಲಾರ್ ಪ್ಯಾನೆಲ್ ಚಾವಣಿಗೆ ಒಳ್ಳೆ ಹೊದಿಕೆ.

ಲಾಂಚ್ ಟಿಕೆಟ್ (ತುಮರಿ)

ಪೈಕೋ ಹೈಡ್ರೋ, ಅಂದರೆ ಹಳ್ಳದ ನೀರಿನಿಂದ ಮನೆಮಟ್ಟಕ್ಕೆ ಕರೆಂಟು ತೆಗೆಯುವ ಸಣ್ಣ ಟರ್ಬೈನು. ಮನೆ ಹಿಂದೆ ಹಳ್ಳ ಇದ್ದವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಕರೆಂಟು ತೆಗೆಯುವ ಮಳೆಯ ಕೈಯಲ್ಲೇ ಕರೆಂಟು ಮಾಡಿಸುವುದು.

ವ್ಯಾಟ್ ಎಷ್ಟು ಅಂತ ತಿಳಿಯಲು ಸೆಕೆಂಡಿಗೆ ಎಷ್ಟು ಲೀಟರ್, ಎಷ್ಟು ಮೀಟರ್ ಎತ್ತರ, ಎರಡನ್ನೂ ಗುಣಿಸಿ, ಅದನ್ನು 9.8ರಿಂದ ಗುಣಿಸಿ, ಬಂದದ್ದರ ಅರ್ಧ ತೆಗೆದುಕೊಳ್ಳಿ. 20 ಲೀಟರ್ ಬಕೆಟ್ ಎರಡು ಸೆಕೆಂಡಿಗೆ ತುಂಬಿದರೆ 10 ಲೀಟರ್. ಎತ್ತರ 20 ಮೀಟರ್ ಇದ್ದರೆ 980 ವ್ಯಾಟಿನ ಹತ್ತಿರ. ಟಿವಿ, ಬಲ್ಬು, ಮಿಕ್ಸಿ, ಲ್ಯಾಪ್‌ಟಾಪ್ ಎಲ್ಲ ನಡೆಯುತ್ತದೆ, ಹಗಲೂ ರಾತ್ರಿ.

ಕೆಡುವುದು ಮೂರು ಕಡೆ. ಒಂದು, ಪೈಪಿನಲ್ಲಿ ಕಂಜೂಸಿ. ಎರಡೂವರೆ ಇಂಚಿನ ಪೈಪನ್ನು ನೂರು ಮೀಟರ್ ಎಳೆದು ಅಷ್ಟು ನೀರು ಬಿಟ್ಟರೆ ಇಪ್ಪತ್ತರಲ್ಲಿ ಹದಿಮೂರು ಮೀಟರ್ ಎತ್ತರ ಉಜ್ಜಾಟಕ್ಕೇ ಹೋಗುತ್ತದೆ. ನಾಲ್ಕಿಂಚಿನದ್ದು ಹಾಕಿದರೆ ಹೋಗುವುದು ಒಂದೂವರೆ ಮೀಟರಿನೊಳಗೆ. ಎರಡು, ಕಸ. ಮೊದಲ ಮಳೆಗೆ ಕಾಡಿನ ದರಗೆಲ್ಲ ಹಳ್ಳಕ್ಕೆ ಬಂದು ಪೈಪಿನ ಬಾಯಿಯ ಜಾಲರಿಗೆ ಕೂರುತ್ತದೆ. ನೀರು ಕಮ್ಮಿಯಾಗಿ ಗಾಳಿ ಎಳೆದುಕೊಂಡರೆ ಟರ್ಬೈನು ಕೆಮ್ಮಲು ಶುರು. ಜಾಲರಿ ಓರೆಯಾಗಿರಲಿ, ಪೈಪಿನ ಬಾಯಿ ನೀರಿನೊಳಗೆ ಒಂದಡಿಯಾದರೂ ಮುಳುಗಿರಲಿ. ಮೂರು, ಲೋಡು. ಒಂದು ಬಲ್ಬು ಬಿಟ್ಟು ಉಳಿದೆಲ್ಲ ಸ್ವಿಚ್ಚು ಒಟ್ಟಿಗೆ ಆರಿಸಿದರೆ ಟರ್ಬೈನಿನ ವೇಗ ಏರಿ ವೋಲ್ಟೇಜು ಹಾರುತ್ತದೆ, ಉರಿಯುತ್ತಿದ್ದ ಕೊನೆಯ ಬಲ್ಬು ಢಮಾರ್. ಅದಕ್ಕೆ ಕಂಟ್ರೋಲರ್ ಇಟ್ಟು, ಮಿಕ್ಕ ಕರೆಂಟನ್ನು ನೀರಿನ ಹಂಡೆಯ ಹೀಟರಿಗೆ ತಿರುಗಿಸುತ್ತಾರೆ.

ಬಚ್ಚಲೊಲೆ (ಶಿರಸಿ)

ಅಂದರೆ ಬಿಸಿನೀರಿಗೆ ಒಲೆ ಬೇಡ. ಆಗ ಬಟ್ಟೆ ಎಲ್ಲಿ ಒಣಗಿಸುವುದು?

ಲಾಂಚ್ ಟಿಕೆಟ್ (ತುಮರಿ)

ಅಕ್ಕ, ಒಂದನ್ನು ಸರಿ ಮಾಡಿದರೆ ಇನ್ನೊಂದು ಕೆಡುವುದೇ ಈ ಸೀಮೆಯ ಗುಣ.

ಕಾಲುಸಂಕ (ಹೊಸನಗರ)

ಹಳ್ಳ ದಾಟುವ ಕಾಲುಸೇತುವೆ, ಅಂದರೆ ಸಂಕದ ಬಗ್ಗೆ ನನ್ನ ಹೆಸರಿಗಾದರೂ ಎರಡು ಮಾತು. ಅಡಿಕೆ ಮರದ ಸಂಕ ಅಂದರೆ ಒಂದು ವರ್ಷದ ಸಂಕ, ಎರಡನೇ ಮಳೆಗೆ ಒಳಗಿನ ತಿರುಳು ಕೊಳೆತು ಹೊರಗಿನ ಓಡು ಮಾತ್ರ ಗಟ್ಟಿ ಕಾಣುತ್ತದೆ. ಮೋಸ ಹೋಗುವುದು ಅಲ್ಲೇ. ಮೇ ತಿಂಗಳಲ್ಲೇ ಹಳೆಯದನ್ನು ತೆಗೆದು ಮೂರು ನಾಲ್ಕು ಬಲಿತ ಮರ ಜೋಡಿಸಿ, ಎರಡೂ ದಡದಲ್ಲಿ ಎರಡು ಅಡಿಯಾದರೂ ಗಟ್ಟಿ ನೆಲದ ಮೇಲೆ ಕೂರಿಸಿ. ಮೇಲೆ ಗೇಣಿಗೊಂದು ಅಡ್ಡ ದಬ್ಬೆ (ಸೀಳಿದ ಪಟ್ಟಿ) ಬಡಿಯಿರಿ, ಪಾಚಿ ಹಿಡಿದಾಗ ಕಾಲಿಗೆ ತಡೆ ಸಿಗುವುದು ಅದರಿಂದಲೇ. ಪಕ್ಕಕ್ಕೆ ಬಿದಿರಿನ ಕೈತಾಂಗು ಕಟ್ಟದೆ ಮಕ್ಕಳನ್ನು ಶಾಲೆಗೆ ಕಳಿಸಬೇಡಿ. ನೀರು ಸಂಕ ಮುಟ್ಟಿದ ದಿನ ರಜೆ. ಮೇಷ್ಟ್ರಿಗೆ ಗೊತ್ತಾಗುತ್ತದೆ, ಅವರೂ ಆಚೆ ದಡದಲ್ಲೇ ನಿಂತಿರುತ್ತಾರೆ.

ಘಟ್ಟದ ಕೆಳಗಿನವ (ಕಾರ್ಕಳ)

ಇಷ್ಟೆಲ್ಲ ಬೈದು ನೀವು ಯಾರೂ ಊರು ಬಿಡುವುದಿಲ್ಲ, ಬಿಟ್ಟವರು ಉಪ್ಪಿನಕಾಯಿ ಜಾಡಿ ಬಿಡುವುದಿಲ್ಲ. ಅಪ್ಪೆಮಿಡಿ (ಎಳೆ ಮಾವಿನಕಾಯಿಯ ಉಪ್ಪಿನಕಾಯಿ) ಯಾಕೆ ಕೆಲವರ ಮನೆಯದ್ದು ಮೂರು ವರ್ಷ ಗರಿಗರಿ, ಕೆಲವರದ್ದು ಮೂರೇ ತಿಂಗಳಿಗೆ ಮೆತ್ತಗೆ? ಅದನ್ನು ಹೇಳಿ.

ಬಚ್ಚಲೊಲೆ (ಶಿರಸಿ)

ಮರದಿಂದ ಬಿದ್ದ ಮಿಡಿ ಸೇರಿಕೊಂಡಿದೆ, ಇನ್ನೇನಿಲ್ಲ. ಬಿದ್ದಾಗ ಪೆಟ್ಟಾದ ಜಾಗ ಒಳಗಿಂದ ಮೆತ್ತಗಾಗಿ ಪಕ್ಕದವನ್ನೂ ಕೆಡಿಸುತ್ತದೆ. ಕೈಯಲ್ಲೇ ಕೊಯ್ದು, ಬುಟ್ಟಿಯಲ್ಲಿ ಇಳಿಸಿದ್ದಾಗಬೇಕು. ಬೆರಳಿನ ಗೆಣ್ಣಿನಷ್ಟು ತೊಟ್ಟು ಬಿಡಿ. ತೊಟ್ಟು ಕಿತ್ತರೆ ಸೊನೆ ಹೋಗುತ್ತದೆ, ಪರಿಮಳ ಇರುವುದೇ ಸೊನೆಯಲ್ಲಿ. ತೊಳೆದು, ನೀರಿನ ಪಸೆ ಪೂರ್ತಿ ಆರಿಸಿ, ಜಾಡಿಯಲ್ಲಿ ಒಂದು ಪದರ ಮಿಡಿ, ಒಂದು ಪದರ ಕಲ್ಲುಪ್ಪು. ನಾಲ್ಕು ಪಾಲು ಮಿಡಿಗೆ ಒಂದು ಪಾಲು ಉಪ್ಪು. ದಿನಕ್ಕೊಮ್ಮೆ ಒಣ ಕೈಯಲ್ಲಿ ಮೇಲೆ ಕೆಳಗೆ ಮಾಡಿ. ಹತ್ತು ಹದಿನೈದು ದಿನಕ್ಕೆ ಚಿರುಟಿ ನೀರು ಬಿಡುತ್ತದೆ. ಆ ಉಪ್ಪುನೀರನ್ನೇ ಕುದಿಸಿ, ತಣಿಸಿ, ಸಾಸಿವೆ ಮೆಣಸಿನ ಖಾರ ಅದರಲ್ಲೇ ಕಲಸಬೇಕು. ಬಿಸಿ ಇದ್ದಾಗಲೇ ಮಿಡಿಗೆ ಹೊಯ್ದರೆ ಮೆತ್ತಗೆ. ಹೊಸ ನೀರು ಒಂದು ಹನಿ ಬಿದ್ದರೂ ಬೂಸ್ಟು. ಮಳೆಗಾಲದಲ್ಲಿ ಸೂರಿನಡಿ ಜಾಡಿ ತೆರೆದು ಮಾತಾಡುತ್ತಾ ನಿಲ್ಲುವವರ ಮನೆ ಉಪ್ಪಿನಕಾಯಿ ಉಳಿದದ್ದಿಲ್ಲ.

ಬಿಸಿಲುಗುದುರೆ (ಚಳ್ಳಕೆರೆ)

ಬೈಗುಳ ಓದಿ ಓದಿ ಬರಬೇಕು ಅನ್ನಿಸಿಬಿಟ್ಟಿದೆ. ಜೂನ್‌ನಿಂದ ಸೆಪ್ಟೆಂಬರ್ ಇಂಬಳ. ಡಿಸೆಂಬರ್‌ನಿಂದ ಮೇ ಉಣುಗು. ಉಳಿದದ್ದು ಅಕ್ಟೋಬರ್, ನವೆಂಬರ್. ನಾಲ್ಕು ಜನ ಬರಬಹುದಾ?

ಮೆಟ್ಟುಗತ್ತಿ (ಸಾಗರ)

ಲೆಕ್ಕ ಸರಿಯಾಗಿದೆ. ಆ ಎರಡು ತಿಂಗಳು ಹಸಿರು ಹಾಗೇ ಇರುತ್ತದೆ, ಹೊಳೆಯಲ್ಲಿ ನೀರಿರುತ್ತದೆ, ಬಿಸಿಲೂ ಬರುತ್ತದೆ. ಒಂದೇ ವಿಷಯ, ಆಗ ಕೊನೆಕೊಯ್ಲು. ಬಂದವರನ್ನು ಮೆಟ್ಟುಗತ್ತಿ ಮುಂದೆ ಕೂರಿಸುತ್ತಾರೆ. ಕಾಲಲ್ಲಿ ಮಣೆ ಮೆಟ್ಟಿ, ಕಾಯಿಯ ತೊಟ್ಟಿನ ಕಡೆ ಕತ್ತಿಗೆ ಕೊಟ್ಟು, ಸಿಪ್ಪೆ ಎರಡು ಸೀಳಾಗಿ ಬಿಡಿಸಬೇಕು, ಅಡಿಕೆಗೆ ಗಾಯ ಆಗಬಾರದು. ಮೊದಲ ದಿನ ಬೆರಳಿಗೆ ಬಟ್ಟೆ ಸುತ್ತಿಕೊಳ್ಳಿ. ಅಡಿಕೆಯ ಚೊಗರು ರಸ ತಾಗಿದ ಕೈ ಹದಿನೈದು ದಿನ ಕಪ್ಪಗಿರುತ್ತದೆ, ಚಳ್ಳಕೆರೆಯಲ್ಲಿ ಕೇಳಿದವರಿಗೆ ಉತ್ತರ ಈಗಲೇ ಯೋಚಿಸಿ ಇಟ್ಟುಕೊಳ್ಳಿ.

ಕಾಲುಸಂಕ (ಹೊಸನಗರ)

ಬರುವಾಗ ನಿಮ್ಮೂರ ಶೇಂಗಾ ತನ್ನಿ.

ಬಚ್ಚಲೊಲೆ (ಶಿರಸಿ)

ಹುರಿದೇ ತನ್ನಿ. ಹಸಿ ತಂದರೆ ಚೀಲದಲ್ಲೇ ಮೊಳಕೆ ಬರುತ್ತದೆ.